ಇಸ್ತ್ರಿ ನಿಲ್ಲುವ ಜಾಗ

ದೇವರು, ವಿಚಾರ, ರಾಜಕೀಯ, ಯಾವುದರ ಬಗ್ಗೆ ಮಾತಾಡಿದರೂ ಸಭಾಂಗಣ ತುಂಬಿಸುತ್ತಿದ್ದ ಗಂಡನಿಗೆ ಮನೆಯಲ್ಲಿ ಕೇಳುವವಳು ಒಬ್ಬಳೇ. ಭಾಷಣಕ್ಕೆ ಮುಂಚೆ ಅವನು ಇಸ್ತ್ರಿ ಮೇಜಿನ ಪಕ್ಕ ನಿಂತು ಇಡೀ ಮಾತನ್ನು ಹೇಳಿ ನೋಡುತ್ತಿದ್ದ. ಹೆಂಡತಿ ಅವನ ಅಂಗಿ ಇಸ್ತ್ರಿ ಮಾಡುತ್ತ ಕೇಳುತ್ತಿದ್ದಳು. ಮಾತು ಪೊಳ್ಳೆನಿಸಿದಲ್ಲಿ ಅವಳ ಕೈ ತಾನಾಗಿ ನಿಲ್ಲುತ್ತಿತ್ತು. ಯಾಕೆಂದು ಕೇಳದೆ ಅವನು ಆ ವಾಕ್ಯವನ್ನು ಹೊಡೆದುಹಾಕುತ್ತಿದ್ದ. ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಇದಕ್ಕಿಂತ ದೊಡ್ಡ ಒಡವೆ ಅವಳಿಗಿರಲಿಲ್ಲ.

ಈಗ ಆ ಒಡವೆ ಅವಳ ತಂಗಿಯ ಕೊರಳಿಗೆ ಬಿದ್ದಿತ್ತು.

ರಜೆಗೆ ಬಂದಿದ್ದ ತಂಗಿ ದೇವರನ್ನು ಗಟ್ಟಿಯಾಗಿ ನಂಬುವವಳು, ಬಾಯಿಗೆ ಬೀಗವಿಲ್ಲದವಳು. ಸಂಜೆಯ ಭಾಷಣ ಕೇಳಿಸಲು ಅವನು ಈ ನಾದಿನಿಯನ್ನೇ ಹಜಾರದಲ್ಲಿ ಕೂರಿಸಿಕೊಂಡಿದ್ದ. ಒಳಗೆ ಇಸ್ತ್ರಿ ಮಾಡುತ್ತಿದ್ದ ಅಕ್ಕನ ಕಿವಿಯೆಲ್ಲ ಅರೆ ತೆರೆದ ಬಾಗಿಲ ಕಡೆಗೆ.

"ಭಾವ, ಇದೆಲ್ಲ ಬರೀ ಬುರುಡೆ," ಎಂದಳು ತಂಗಿ.

"ಎಲ್ಲಿ ಬುರುಡೆ, ಹೇಳು ನೋಡೋಣ."

"ನೀವು ಬೈಯೋ ದೇವರು ಯಾರಂತಲೇ ಗೊತ್ತಾಗ್ಲಿಲ್ಲ. ನನ್ನ ದೇವರಂತೂ ಅಲ್ಲ. ಪಕ್ಕದ ಮನೆಯವನಿಗೆ ಬೈದಂಗಿದೆ."

ಗಂಡ ಮನಸಾರೆ ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಅಕ್ಕ ಇಸ್ತ್ರಿಯನ್ನು ಇನ್ನೂ ಒತ್ತಿ ಎಳೆದಳು.

ನೀರು ಕುಡಿಯಲು ಒಳಬಂದವನನ್ನು ಕೇಳಿಯೇಬಿಟ್ಟಳು. "ನಾನೇನು ಸತ್ತುಹೋಗಿದೀನಾ?"

ಅವನು ಲೋಟ ಕೆಳಗಿಟ್ಟ. "ನಿನ್ನ ಇಸ್ತ್ರಿ ಈಗ ನಿಲ್ಲೋದೇ ಇಲ್ವಲ್ಲೇ. ಏನು ಹೇಳಿದ್ರೂ ಸರಾಗವಾಗಿ ಹೋಗ್ತಿರುತ್ತೆ. ಗೋಡೆ ಮುಂದೆ ಮಾತಾಡಿದಂಗೆ."

ಅವನು ಹೋದ ಮೇಲೂ ಆ ಮಾತು ಹೋಗಲಿಲ್ಲ. ಸುಳ್ಳೆನ್ನಲೂ ಆಗಲಿಲ್ಲ. ಅವನ ಹೆಸರು ಬೆಳೆದ ಹಾಗೆ ಅವಳ ಅಳುಕೂ ಬೆಳೆದಿತ್ತು. ತನ್ನಿಂದ ಒಂದು ವಾಕ್ಯ ಬಿದ್ದುಹೋಗಿ ಚಪ್ಪಾಳೆ ಕಡಿಮೆಯಾದರೆ? ಪೊಳ್ಳು ಕಂಡಲ್ಲೂ ಕೈಯನ್ನು ಬಲವಂತವಾಗಿ ಮುಂದೆ ತಳ್ಳುತ್ತಿದ್ದಳು.

ಹಜಾರದಲ್ಲಿ ಭಾಷಣದ ಕೊನೆಯ ಮಾತು ಬಂತು. "ನಂಬಿಕೆ ಹುಟ್ಟುವುದು ಅಂಜಿಕೆಯಿಂದ. ವಿಚಾರ ಮಾಡುವವನಿಗೆ ಯಾವ ತಾಯಿತವೂ ಬೇಡ."

"ಇದು ಚೆನ್ನಾಗಿದೆ ಭಾವ," ಎಂದಳು ತಂಗಿ. "ನಾನು ಒಪ್ಪಲ್ಲ, ಆದ್ರೆ ಜನ ಚಪ್ಪಾಳೆ ಹೊಡೀತಾರೆ."

ಅಕ್ಕನ ಕೈ ನಿಂತಿತು. ಕೈಕೆಳಗಿದ್ದದ್ದು ಕಾಲರು ಸವೆದ ನೀಲಿ ಅಂಗಿ. ಮೊದಲ ಭಾಷಣ ಗೆದ್ದ ದಿನ ಅವನು ತೊಟ್ಟಿದ್ದು. ಅದಿಲ್ಲದೆ ಇವತ್ತಿಗೂ ವೇದಿಕೆ ಹತ್ತಿದವನಲ್ಲ. ಒಮ್ಮೆ ಒಣಗಿಲ್ಲವೆಂದಾಗ ಒದ್ದೆಯಲ್ಲೇ ತೊಟ್ಟು ಹೋಗಿದ್ದ. ತಂಗಿಗೆ ಇದೇನು ಗೊತ್ತು?

ಸುಟ್ಟ ವಾಸನೆಗೆ ಅವನೇ ಮೊದಲು ಓಡಿಬಂದ. ಅಂಗಿಯ ಕೆಳ ಅಂಚಿನಲ್ಲಿ ಕಂದು ಗುರುತು. ಅವನ ಮುಖ ಬಿಳಿಚಿಕೊಂಡಿತು.

"ಇವತ್ತೇ ಹಿಂಗಾಗ್ಬೇಕಿತ್ತಾ? ಇದಿಲ್ದೆ ನಾನು ಹೆಂಗೆ…"

ಅಷ್ಟಕ್ಕೇ ಅವನು ಮಾತು ನಿಲ್ಲಿಸಿದ. ಅಂಗಿ ನೋಡಿದ, ಇಸ್ತ್ರಿಪೆಟ್ಟಿಗೆ ಹಿಡಿದೇ ಇದ್ದ ಅವಳ ಕೈ ನೋಡಿದ.

"ಏನಾಯ್ತಕ್ಕ?" ತಂಗಿ ಬಾಗಿಲಿಗೆ ಬಂದಳು.

"ಏನಿಲ್ಲ. ಒಲೆ ಮೇಲೆ ಹಾಲಿದೆ, ಉಕ್ಕೀತು, ಹೋಗಿ ನೋಡ್ಕೋ."

ತಂಗಿ ಹೋದಳು.

"ಆ ಕೊನೇ ಮಾತು ತೆಗೀಬೇಕು, ಅಲ್ವಾ?" ಎಂದ ಅವನು, ಮೆಲ್ಲಗೆ.

"ತೆಗೀಬೇಡಿ. ನಿಮ್ಮ ಈ ನೀಲಿ ತಾಯಿತದಿಂದಲೇ ಮಾತು ಶುರು ಮಾಡಿ." ಅಂಗಿಯನ್ನು ಮಗುಚಿ ತೋಳನ್ನು ಹರಡಿದಳು. "ಈ ಅಂಚು ಪ್ಯಾಂಟಿನೊಳಗೆ ಹೋಗುತ್ತೆ, ಯಾರಿಗೂ ಕಾಣಲ್ಲ. ಹೇಳಿ, ಕೇಳ್ತೀನಿ. ಬಾಗಿಲು ಹಾಕ್ಬಿಡಿ."

ಅಡುಗೆಮನೆಯಿಂದ ತಂಗಿಯ ದನಿ ಬಂತು. "ಅಕ್ಕಾ, ಒಲೆ ಮೇಲೆ ಹಾಲೇ ಇಲ್ವಲ್ಲ."

"ಸರಿಯಾಗಿ ನೋಡು," ಎಂದಳು ಅಕ್ಕ. ಅಷ್ಟರಲ್ಲಿ ಅಗುಳಿ ಬಿದ್ದಿತ್ತು.