ಕಳ್ಳ ತಿರುಪು

ಮನೆತನದ ಹಳೆಯ ಪಿಸ್ತೂಲು ಅಸಲಿಯಾದರೆ ಮೈದುನನಿಗೆ, ನಕಲಿಯಾದರೆ ನನಗೆ ಎಂದು ಅತ್ತೆ ತೀರ್ಮಾನಿಸಿದ್ದರು. ನನ್ನ ಗಂಡ ತಾನು ತೀರಿಕೊಳ್ಳುವ ಮುಂಚಿನ ಭಾನುವಾರವೂ ಅದನ್ನು ಬಿಚ್ಚಿ ಒರೆಸಿದ್ದ. ನಕಲಿಯಾಗಿರಲಿ ಎಂದುಕೊಂಡೇ ಹಳೆಯ ಆಯುಧಗಳ ಪರೀಕ್ಷಕರ ಅಂಗಡಿಗೆ ಹೋದೆ.

ಅವರು ತಿರುಪುಗಳನ್ನು ಬಿಚ್ಚಿ ಬಿಳಿಬಟ್ಟೆಯ ಮೇಲೆ ಸಾಲಾಗಿ ಇಟ್ಟರು.

"ಒಂದೊಂದನ್ನೂ ಕೈಯಲ್ಲೇ ಮಾಡಿದ್ದು ಕಣಮ್ಮ. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಅಸಲಿನೇ, ಅನುಮಾನ ಬೇಡ."

ಸಾಲಿನ ಕೊನೆಯ ತಿರುಪನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದೊಂದು ಮಾತ್ರ ಕಳ್ಳ. ಬಾಗಿಲಿನ ತಿರುಪನ್ನ ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಿದ್ದಾನೆ ಯಾರೋ ಪುಣ್ಯಾತ್ಮ."

"ನಮ್ಮ ಮನೆಯವರು. ಹಳೇದನ್ನ ಕಳೆದುಹಾಕಿದ್ರು. ಅವರಮ್ಮನಿಗೆ ಗೊತ್ತಾಗಬಾರದು ಅಂತ."

ಅವರು ನಕ್ಕರು. "ಕರ್ಕೊಂಡು ಬನ್ನಿ, ಕೆಲಸಕ್ಕೆ ಇಟ್ಕೋತೀನಿ."

ಬೇರೆ ತಿರುಪು ಹಾಕಿ ಪಿಸ್ತೂಲನ್ನು ಮೈದುನನಿಗೆ ಕೊಡಲು ಹೇಳಿದೆ. ಆ ಕಳ್ಳ ತಿರುಪನ್ನು ಕೈಚೀಲದ ಒಳಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.