ಬೋರಲು ಹಾಕಿದ ದೋಣಿ

“ಥೂ, ಇವ್ನ ಕೈ ಸೇದೋಗ!”

ಗಿರಿಜಾಂಬ ಬೈದದ್ದು ಪುಸ್ತಕ ಬರೆದ ಪುಣ್ಯಾತ್ಮನಿಗೆ. ಹುಳದ ಮನೆಯ ಬಾಗಿಲ ಬಳಿ ಗೋಣಿಚೀಲದ ಮೇಲೆ ಕೂತು ಕೊನೆಯ ಪುಟವನ್ನು ಮೂರನೇ ಸಲ ಓದಿದಳು. ಏನೂ ಬದಲಾಗಿರಲಿಲ್ಲ. ಆಕಾಶದ ಹೊಳೆಯಲ್ಲಿ ದೋಣಿ ನಡೆಸುವ ನೀಲಾಳಿ ಊರಿಗೆ ಊರನ್ನೇ ಆಚೆ ದಡಕ್ಕೆ ದಾಟಿಸಿದ್ದಳು. ಕಟ್ಟಕಡೆಯವನು ಇಳಿದದ್ದೇ ತಡ, ಹೊಳೆ ಬತ್ತಿತು. ದೋಣಿ ಮರಳಿಗೆ ಕೂತಿತು, ಅವಳೂ ಅದರ ಪಕ್ಕ ಕೂತಳು. ಅಷ್ಟೇ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಗಿರಿಜಾಂಬಳಿಗೆ ಈ ಹುಚ್ಚು ಹಿಡಿಸಿದವಳು ತಮ್ಮನ ಮಗಳು ಕವನ. ಹಾರೋಹಳ್ಳಿಯ ಫ್ಯಾಕ್ಟರಿ ಕೆಲಸಕ್ಕೆಂದು ಅತ್ತೆಯ ಮನೆಯಲ್ಲಿ ಉಳಿದವಳು, ಕನಕಪುರದ ಲೈಬ್ರರಿಯಿಂದ ಹುಳದ ಬೆಳೆಗೊಂದರಂತೆ ಈ ಕತೆಯ ಮೂರೂ ಭಾಗ ತಂದುಕೊಟ್ಟಿದ್ದಳು. ಸಾವಿರಾರು ರೇಷ್ಮೆಹುಳ ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಜಿನುಗುಮಳೆ ಬಿದ್ದಂಥ ಸದ್ದು. ಆ ಸದ್ದಿನೊಳಗೆ ಕೂತು ಓದುತ್ತಿದ್ದರೆ ಹೊಳೆ ಯಾವುದು, ಹುಳದ ಮನೆ ಯಾವುದು ಎಂಬುದೇ ಮರೆತುಹೋಗುತ್ತಿತ್ತು.

ಇದು ಕೊನೆಯ ಬೆಳೆ. ಹಿಪ್ಪುನೇರಳೆ ತೋಟ ಕೈಗಾರಿಕಾ ಪ್ರದೇಶಕ್ಕೆ ಸೇರಿಹೋಗಿತ್ತು. ಬದುವಿನುದ್ದಕ್ಕೂ ಬಿಳಿ ಕಲ್ಲು ನೆಟ್ಟಿದ್ದರು. “ಒಂದು ಗೂಡೂ ಕೆಡದಂಗೆ ತೆಗೀತೀನಿ, ನೋಡ್ತಾ ಇರಿ” ಎಂದು ಗಂಡ ಬಸವಲಿಂಗಯ್ಯನಿಗೆ ಅವಳು ಮಾತು ಕೊಟ್ಟಿದ್ದಳು.

ರಜೆಯ ದಿನ, ಕವನ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬಂದಳು. “ಅತ್ತೆ, ಮುಗೀತಾ?”

“ಮುಗೀತು ಅಂತ ಅವ್ನು ಬರ್ದವ್ನೆ. ನಾನು ಒಪ್ಪಿಲ್ಲ.”

“ನೀನು ಒಪ್ಪುದ್ರೆಷ್ಟು, ಬುಟ್ರೆಷ್ಟು! ಅಚ್ಚಾಗೋಗೈತೆ.”

“ಅಲ್ಲ ಕಣವ್ವ, ಹುಟ್ಟಿದಾಗ್ನಿಂದ ದೋಣಿ ಬುಟ್ರೆ ಬ್ಯಾರೆ ಗೊತ್ತಿಲ್ದೋಳು. ಹೊಳೇನೇ ಹೋದ್ಮೇಲೆ ಏನ್ ಮಾಡ್ತಾಳೆ?”

“ಫ್ಯಾಕ್ಟ್ರಿಗೆ ಬರ್ಲಿ. ನಮ್ ಲೈನಲ್ಲಿ ಒಂದು ಜಾಗ ಖಾಲಿ ಐತೆ.”

“ನಗಬ್ಯಾಡ. ನಾನಾಗಿದ್ರೆ ದೋಣೀನ ಬೋರಲು ಹಾಕಿ, ಅದರಡೀಲೇ ಮನೆ ಮಾಡ್ಕತಿದ್ದೆ.”

ಕವನ ನಗುತ್ತಿದ್ದವಳು ನಿಲ್ಲಿಸಿದಳು. “ಅತ್ತೆ... ಸದ್ದೇ ಇಲ್ವಲ್ಲ?”

ಹುಳ ಮೇಯುವ ಆ ಮಳೆಸದ್ದು ನಿಂತಿತ್ತು. ಯಾವಾಗ ನಿಂತಿತೋ! ಗಿರಿಜಾಂಬ ಪುಸ್ತಕವನ್ನು ತೆರೆದ ಹಾಗೆಯೇ ಪಕ್ಕದಲ್ಲಿದ್ದ ಹುಳದ ತಟ್ಟೆಯ ಮೇಲೆ ಕವುಚಿ ಎದ್ದಳು. ಹುಳಗಳ ಮೈ ತಿಳಿಯಾಗಿ, ಬಿಸಿಲಿಗೆ ಹಿಡಿದ ಜೇನಿನಂತಾಗಿತ್ತು. ಮೇವು ಬಿಟ್ಟು, ತಲೆ ಎತ್ತಿ, ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಕೆಲವು ಕಾದು ಸಾಕಾಗಿ ಸೊಪ್ಪಿನ ಕಡ್ಡಿಗಳ ನಡುವೆಯೇ ನೂಲು ಎಳೆಯತೊಡಗಿದ್ದವು.

“ಹಣ್ಣಾಗ್ಬುಟ್ಟವೆ, ಗೂಡಿಗೆ ಬಂದವೆ! ನಿಮ್ಮಾವನ್ನ ಕೂಗು!”

ಬಸವಲಿಂಗಯ್ಯ ಓಡಿಬಂದು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಇಳಿಸಿದ. “ಕತೆ ಓದ್ಕಂಡು ಹುಳ ಮರ್ತೋಳ್ನ ನಿನ್ನೊಬ್ಬಳ್ನೇ ಕಣೆ ನಾನ್ ಕಂಡಿರೋದು!”

ಮೂವರೂ ಹೊತ್ತು ಇಳಿಯುವವರೆಗೂ ಹಣ್ಣು ಹುಳ ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟರು. ಕಡ್ಡಿಗೆ ಸಿಕ್ಕಿ ಕೆಟ್ಟ ಅರೆಗೂಡುಗಳು ಎರಡು ಬೊಗಸೆಯಷ್ಟು. ಗಿರಿಜಾಂಬ ಅವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. “ಹೋಗ್ಲಿ ಬುಡು” ಎಂದ ಬಸವಲಿಂಗಯ್ಯ, ಈ ಸಲ ಮೆಲ್ಲಗೆ.

ಮರುದಿನ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಕವನ ಪುಸ್ತಕ ಕೇಳಿದಳು. ಗಿರಿಜಾಂಬ ತಟ್ಟೆಯ ಬಳಿ ಹೋಗಿ ಕವುಚಿಟ್ಟ ಪುಸ್ತಕದ ಅಂಚನ್ನು ತುಸು ಎತ್ತಿದಳು. ಸಣ್ಣ ಸಣ್ಣ ಎಳೆಗಳು ಜಗ್ಗಿದವು. ಕೈ ಅಲ್ಲಿಗೇ ನಿಂತಿತು.

“ಲೈಬ್ರರಿಯೋರು ಬಯ್ತಾರೆ ಅತ್ತೆ.”

“ಇನ್ನೆರಡು ವಾರ ಬೇಕಂತೆ ಅನ್ನು.”

ಕವನ ಬಗ್ಗಿ ನೋಡಿದಳು. ಎರಡು ಹಾಳೆಗಳ ಇಳಿಜಾರಿನ ಕೆಳಗೆ, ಕೊನೆಯ ಸಾಲುಗಳಿಗೆ ಅಂಟಿದ ತೆಳ್ಳನೆಯ ಹಳದಿ ಗೂಡು. ಒಳಗೆ ಹುಳ ಇನ್ನೂ ತಲೆಯಾಡಿಸುತ್ತಿತ್ತು, ಅತ್ತಿಂದಿತ್ತ, ಇತ್ತಿಂದತ್ತ.