ಹದಿನೇಳನೆಯ ಟೇಪು

"ಹದಿನೇಳು. ಖಾಲಿ," ಎಂದು ಮೇಲ್ವಿಚಾರಕರು ಪಟ್ಟಿಯಲ್ಲಿ ಗುರುತು ಹಾಕಿ, ಟೇಪನ್ನು ಎಡಗಡೆಯ ತಳ್ಳುಗಾಡಿಗೆ ಹಾಕಿದರು. ಬಲಗಡೆಯ ಗಾಡಿ ಕಪಾಟಿಗೆ ಹೋಗುತ್ತಿತ್ತು. ಎಡಗಡೆಯದು ಅಳಿಸುವ ಯಂತ್ರಕ್ಕೆ.

ಇಲಿಮರಿಯ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಟೆಲಿವಿಷನ್ ಕೇಂದ್ರದ ಆ ನೆಲಮಾಳಿಗೆಯಲ್ಲಿ ಹಳೆಯ ಟೇಪುಗಳ ಬೂಷ್ಟು ಒರೆಸುವುದು ಅವಳ ಕೆಲಸ. ನಾಲ್ಕು ವರ್ಷದಲ್ಲಿ ಅಲ್ಲಿ ಅವಳ ದನಿ ಕೇಳಿದವರು ಬೆರಳೆಣಿಕೆಯಷ್ಟು ಜನ. ಇಲಿಮರಿ ಎಂಬ ಅಡ್ಡಹೆಸರು ಇಟ್ಟವನು ಅಳಿಸುವ ಯಂತ್ರ ನಡೆಸುತ್ತಿದ್ದ ಮುದುಕ. ಅವನನ್ನು ಎಲ್ಲರೂ ಅಳಿಸೋ ಮಾವ ಅನ್ನುತ್ತಿದ್ದರು.

ಆ ತಿಂಗಳು ಮೇಜಿನ ಮೇಲೆ ಬಂದಿದ್ದವು ಹಳೆಯ ದೆವ್ವದ ಧಾರಾವಾಹಿಯ ಕಂತುಗಳು. ವಾರಕ್ಕೊಂದು ಕಥೆ, ವಾರವಾರಕ್ಕೂ ಬೇರೆ ಜನ. ಲಾಂದ್ರ ಹಿಡಿದ ಒಬ್ಬ ಮುದುಕ ಮಾತ್ರ ಪ್ರತಿ ಸಲವೂ ಬಂದು ಕಥೆ ಶುರು ಮಾಡಿಕೊಟ್ಟು ಹೋಗುತ್ತಿದ್ದ. ಟೇಪುಗಳ ಮೇಲಿನ ಚೀಟಿಗಳು ತೇವಕ್ಕೆ ಉದುರಿ ನಂಬರು ಮಾತ್ರ ಉಳಿದಿತ್ತು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಅವಳು ಚಿಕ್ಕವಳಿದ್ದಾಗ ಅದು ಮರುಪ್ರಸಾರವಾಗುತ್ತಿತ್ತು. ಅಜ್ಜಿಗೆ ಬಿಡಲಾಗದ ಹುಚ್ಚು. ಮೊಮ್ಮಗಳು ಹೆದರಿ ಜ್ವರ ತಂದುಕೊಂಡಾಳೆಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಂಗೈಯಿಂದ ಎರಡೂ ಕಣ್ಣು ಮುಚ್ಚಿ ತಾನು ನೋಡುತ್ತಿದ್ದಳು. ಕಿವಿ ಮುಚ್ಚಬೇಕೆಂದು ಅಜ್ಜಿಗೆ ಹೊಳೆಯಲೇ ಇಲ್ಲ. ಹಾಗಾಗಿ ಒಂದು ಕಂತನ್ನೂ ಕಾಣದ ಹುಡುಗಿಗೆ ಅಷ್ಟೂ ಕಂತುಗಳ ಮೆಟ್ಟಿಲ ಸಪ್ಪಳ, ಬಾಗಿಲ ಕಿರುಗುಟ್ಟು, ಯಾರು ಎಲ್ಲಿ ಉಸಿರು ಹಿಡಿದರು ಎಂಬುದೆಲ್ಲ ಬಾಯಿಪಾಠ. ಶಾಲೆಯ ಪಾಠ ಏಳನೆಯ ತರಗತಿಗೇ ನಿಂತುಹೋಯಿತು. ಇದು ನಿಲ್ಲಲಿಲ್ಲ.

ಒಂದೇ ಒಂದು ವಾರ ಅಜ್ಜಿ ಕೈ ತೆಗೆದಿದ್ದಳು. "ನೋಡ್ಕೋ ಹೋಗು, ಇವತ್ತು ನೋಡೋಕೆ ಏನೂ ಇಲ್ಲ," ಅಂದಿದ್ದಳು. ಪರದೆ ಪೂರ್ತಿ ಕಪ್ಪು. ಕಣ್ಣು ಬಿಟ್ಟೇ ಇದ್ದರೂ ಅಜ್ಜಿಯ ಕೈ ಇನ್ನೂ ಅಲ್ಲೇ ಇದೆ ಅನ್ನಿಸಿ, ಅವಳು ಮುಟ್ಟಿ ನೋಡಿಕೊಂಡಿದ್ದಳು.

ಕಳೆದ ವಾರ ಹನ್ನೊಂದನೆಯ ಟೇಪು ಎಡಗಡೆಗೆ ಹೋದಾಗಲೂ ಅದೇ ಆ ಕಪ್ಪು ಕಂತೇನೋ ಎಂದು ಅವಳಿಗೆ ಅನುಮಾನ ಬಂದಿತ್ತು. ಬಾಯಿ ಬಿಟ್ಟಿರಲಿಲ್ಲ. ಅದಾದ ಮೇಲೆ ಮೂರು ರಾತ್ರಿ ಕಂತುಗಳನ್ನು ಒಂದೊಂದಾಗಿ ಬೆರಳಲ್ಲಿ ಎಣಿಸಿ, ಕಪ್ಪು ಕಂತು ಹದಿನೇಳನೆಯದೆಂದು ಖಚಿತ ಮಾಡಿಕೊಂಡಿದ್ದಳು.

"ಸಾರ್, ಅದು ಖಾಲಿ ಅಲ್ಲ."

ಮೇಲ್ವಿಚಾರಕರು ತಲೆ ಎತ್ತಿ ಅಳಿಸೋ ಮಾವನನ್ನು ನೋಡಿದರು.

"ನಾನಲ್ಲಪ್ಪ," ಎಂದ ಮಾವ. "ಇಲಿಮರಿಗೆ ಬಾಯಿ ಬಂತು."

"ಮೊದಲು, ಮಧ್ಯ, ಕೊನೆ, ಮೂರು ಕಡೆ ನೋಡಿದೀನಮ್ಮ. ಬರೀ ಕಪ್ಪು."

"ಕಪ್ಪೇ ಸಾರ್. ಕಥೆ ಪೂರ್ತಿ ಕತ್ತಲಲ್ಲೇ ನಡೆಯೋದು. ನೀವು ಸೌಂಡ್ ಹಾಕಲಿಲ್ಲ."

"ಮೂರು ಮೆಷಿನ್ ಒಟ್ಟಿಗೆ ಓಡ್ತಾ ಇರ್ತವೆ. ಮೂರು ದೆವ್ವ ಒಟ್ಟಿಗೆ ಕಿರುಚಿದ್ರೆ ನಾನು ನೆಟ್ಟಗೆ ಮನೆ ಸೇರ್ತೀನಾ? ಸೌಂಡ್ ಹಾಕೋ ಪದ್ಧತಿ ಇಲ್ಲಿಲ್ಲ. ನೀನೇನು, ನೋಡಿದೀಯಾ ಅದನ್ನ?"

"ಇಲ್ಲ. ಕೇಳಿದೀನಿ."

ಅವರಿಗೆ ನಗು ಬಂತು. "ಏಳನೇ ಕ್ಲಾಸು ಬಿಟ್ಟು ಬಂದವಳು ನಂಗೆ ಪಾಠ ಹೇಳ್ತಾಳಲ್ಲ ಮಾವ. ಗಾಡಿ ತಗೊಂಡು ಹೋಗಿ."

ಮಾವ ಗಾಡಿಯ ಹಿಡಿಗೆ ಕೈ ಹಾಕಿದ. ಅಷ್ಟರಲ್ಲಿ ಅವಳು ಹದಿನೇಳನ್ನು ಎತ್ತಿ ಎದೆಗೆ ಅವುಚಿಕೊಂಡಿದ್ದಳು.

"ಕೊಡು ಇಲ್ಲಿ."

"ಕೊಡಲ್ಲ."

ಆ ಮಾತು ತನ್ನದೇ ಎಂದು ಅವಳಿಗೂ ನಂಬಿಕೆಯಾಗಲಿಲ್ಲ. ಆದರೆ ಕೈ ಸಡಿಲವಾಗಲಿಲ್ಲ.

ಮೇಲ್ವಿಚಾರಕರ ನಗು ಆರಿತು. "ಇಲ್ಲಿ ಎರಡೇ ದಾರಿ. ಟೇಪನ್ನ ಗಾಡಿಗೆ ಹಾಕು. ಇಲ್ಲ, ನಿನ್ನ ಗುರುತಿನ ಚೀಟಿ ಮೇಜಿನ ಮೇಲಿಟ್ಟು ಮನೆಗೆ ಹೊರಡು."

ಅವಳು ಕೊರಳಿನ ದಾರ ಬಿಚ್ಚಿದಳು. ಜಡೆಗೆ ಸಿಕ್ಕಿಕೊಂಡ ದಾರವನ್ನು ಅವಸರ ಮಾಡದೆ ಬಿಡಿಸಿ, ಚೀಟಿಯನ್ನು ಪಟ್ಟಿಯ ಮೇಲೆಯೇ ಇಟ್ಟಳು. ಮನೆಗೆ ಮಾತ್ರ ಹೊರಡಲಿಲ್ಲ. ನೇರವಾಗಿ ನಡೆದು, ಒರೆಸುವವರು ಮುಟ್ಟಲೇಬಾರದೆಂದು ಮೊದಲ ದಿನವೇ ಹೇಳಿದ್ದ ಟೇಪು ಓಡಿಸುವ ನಡುವಿನ ಯಂತ್ರದ ಬಾಯಿಗೆ ಹದಿನೇಳನ್ನು ತಳ್ಳಿದಳು.

"ಏ, ಅದನ್ನ ಮುಟ್ಟಬೇಡ. ಮಾವ, ಹಿಡ್ಕೊಳ್ಳಿ ಅವಳನ್ನ."

"ನಂಗೆ ಸೊಂಟ ನೋವು," ಎಂದು ಮಾವ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಕೂರುವ ಮುನ್ನ ಅಳಿಸುವ ಯಂತ್ರದ ಸ್ವಿಚ್ಚನ್ನು ಆರಿಸಿದ. ದಿನವಿಡೀ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ಸದ್ದು ನಿಂತಿತು.

ಸೌಂಡಿನ ಗುಂಡಿಯ ಮೇಲೆ ಬೆರಳು ಹೂತುಹೋಗುವಷ್ಟು ದೂಳಿತ್ತು. ಅವಳು ಅದನ್ನು ಕೊನೆಯವರೆಗೂ ತಿರುಗಿಸಿದಳು.

ಪರದೆ ಕಪ್ಪಾಗಿತ್ತು. ಕಪ್ಪಾಗಿಯೇ ಉಳಿಯಿತು.

"ನೋಡು, ನಾನು ಹೇಳಲಿಲ್ವಾ," ಎನ್ನುತ್ತ ಮೇಲ್ವಿಚಾರಕರು ಯಂತ್ರ ನಿಲ್ಲಿಸಲು ಕೈ ಚಾಚಿದರು.

"ಇವತ್ತು ಲಾಂದ್ರ ತರೋದು ಮರೆತೆ," ಎಂದಿತು ಕತ್ತಲೆಯೊಳಗಿಂದ ಒಂದು ಮುದಿ ದನಿ. "ಪರವಾಗಿಲ್ಲ. ಗೋಡೆ ಹಿಡ್ಕೊಂಡು ಬನ್ನಿ."

ಚಾಚಿದ ಕೈ ಗಾಳಿಯಲ್ಲೇ ನಿಂತಿತು.

ಬರಿಗಾಲಲ್ಲಿ ಯಾರೋ ಮೆಟ್ಟಿಲು ಇಳಿದರು. ಲೋಟವೊಂದು ಉರುಳಿತು. ಒಬ್ಬ ಹೆಂಗಸು "ನೀನೇನಾ?" ಎಂದಳು. ಮೇಲ್ವಿಚಾರಕರು ಕುರ್ಚಿಯನ್ನು ಕೈಯಲ್ಲೇ ತಡವಿ ಹುಡುಕಿ ಕುಳಿತರು. ಕಪ್ಪು ಗಾಜಿನಲ್ಲಿ ಮೂರು ಮುಖಗಳು ಕಾಣುತ್ತಿದ್ದವು, ಮೂರೂ ಮುಂದಕ್ಕೆ ಬಾಗಿದ್ದವು.

ಮುಂದೆ ಏನು ಬರುತ್ತದೆಂದು ಇಲಿಮರಿಗೆ ಗೊತ್ತಿತ್ತು. ಅವಳು ಹೇಳಲಿಲ್ಲ. ಪಟ್ಟಿಯ ಮೇಲಿದ್ದ ತನ್ನ ಚೀಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಹದಿನೇಳರ ಎದುರಿಗಿದ್ದ 'ಖಾಲಿ' ಎಂಬುದನ್ನು ಮೇಲ್ವಿಚಾರಕರ ಪೆನ್ನಿನಿಂದಲೇ ಹೊಡೆದುಹಾಕಿದಳು.

ಟಕ್. ಟಕ್. ಟಕ್.

ಮೇಲ್ವಿಚಾರಕರು ಅರ್ಧ ಎದ್ದು, ನೆಲಮಾಳಿಗೆಯ ಬಾಗಿಲ ಕಡೆ ತಿರುಗಿದರು.

"ಯಾರು?" ಎಂದರು.